ಮಗಳೇ, ಆ ಮೊದಲ ಪದ ತೆಗೆದುಬಿಡು

ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ನಾಲ್ಕು ಪುಟ ಓದಿದೆ. ಕಾಲೇಜಿನ ಪ್ರಾಜೆಕ್ಟಿಗೆ ದರೋಜಿಯ ಬುರ್ರಕಥೆ ಈರಮ್ಮನವರನ್ನು, ಹಾಡುತ್ತಾ ಹೆಜ್ಜೆ ಹಾಕುತ್ತಾ ಕಥೆ ಹೇಳುತ್ತಿದ್ದ ಆ ಜನಪದ ಕಲಾವಿದೆಯನ್ನು, ಆರಿಸಿಕೊಂಡೆಯಲ್ಲ, ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ನಿನ್ನ ಕ್ಲಾಸಿನಲ್ಲಿ ಯಾರಿಗೂ ಆ ಹೆಸರೇ ಗೊತ್ತಿರಲಿಲ್ಲ ಅಂದೆ. ಅವರನ್ನು ಯಾಕೆ ಬೈಯಬೇಕು, ನಮ್ಮ ಬಳ್ಳಾರಿ ಕಡೆಯವರಿಗೇ ಈಗ ದರೋಜಿ ಅಂದರೆ ಕರಡಿಧಾಮ. ಹಂಪಿಗೆ ಬಂದವರು ಹಾಗೇ ಕರಡಿ ನೋಡಿಕೊಂಡು ಹೋಗುತ್ತಾರೆ. ಈರಮ್ಮನ ಊರು ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಬೇಜಾರಾಗುತ್ತದೆ.

ಆದರೆ ನಿನ್ನ ಮೊದಲ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. "ಅನಕ್ಷರಸ್ಥೆಯಾದ ಈರಮ್ಮ" ಅಂತ ಶುರು ಮಾಡಿದ್ದೀಯ. ನಾನು ಜೋರಾಗಿ ಓದುತ್ತಿದ್ದೆ. ಅಜ್ಜಿ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೈ ನಿಲ್ಲಿಸಿ, "ಅನಕ್ಷರಸ್ಥೆ ಅಂದ್ರ ನನ್ನಂಥಾಕಿ ಅಲ್ಲೇನು?" ಅಂದಳು. ನಾನು ಹೂಂ ಅಂದೆ. ಮತ್ತೆ ಸುಲಿಯತೊಡಗಿದಳು. ಅಷ್ಟೇ. ಆಮೇಲೆ ಈರಮ್ಮನ ಬಗ್ಗೆ ಏನೂ ಕೇಳಲಿಲ್ಲ.

ನೀನು ಸುಳ್ಳು ಬರೆದಿಲ್ಲ, ಅದು ನನಗೂ ಗೊತ್ತು. ಅವರು ಹುಟ್ಟಿದ್ದು 1930ರ ಸುಮಾರಿಗೆ, ಅಲೆಮಾರಿ ಬುಡ್ಗ ಜಂಗಮರ ಮನೆಯಲ್ಲಿ. ಶಾಲೆ ಒಂದೇ ಊರಲ್ಲಿ ಇರುತ್ತದೆ, ಇವರದು ಕಥೆ ಹೇಳುತ್ತಾ ಊರಿಂದ ಊರಿಗೆ ಹೋಗುವ ಬದುಕು. ಮನೆಮಾತು ತೆಲುಗು, ಕೇಳುವ ಜನ ಕನ್ನಡದವರು, ಹಾಗಾಗಿ ಕಥೆ ಎರಡೂ ಭಾಷೆಯಲ್ಲಿ ಬರಬೇಕು. ಈರಮ್ಮ ಅಪ್ಪನ ಬಾಯಿಂದಲೇ ಕಲಿತರು. ಕಲಿತದ್ದು ಎಷ್ಟು? ಹನ್ನೆರಡು ಕಾವ್ಯ. ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜ, ಹೀಗೆ. ಒಂದೊಂದೂ ಹಾಡುತ್ತಾ ಹೋದರೆ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ನೀನು ಇದನ್ನು ಮೂರನೇ ಪುಟದಲ್ಲಿ ಬರೆದಿದ್ದೀಯ, ಅದೂ "ಅನಕ್ಷರಸ್ಥೆಯಾಗಿದ್ದರೂ" ಅಂತ ಸೇರಿಸಿ. ಆ "ದ್ದರೂ" ನನಗೆ ಚುಚ್ಚಿತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಒಂದು ಬುರ್ರಕಥೆ ಮೇಳ ಬಂದಿತ್ತು. ಮೂವರು ಹೆಂಗಸರು. ನಡುವೆ ನಿಂತವಳ ಹೆಗಲ ಮೇಲೆ ತಂಬೂರಿ, ಬಲಗೈ ಹೆಬ್ಬೆರಳಿಗೆ ದಪ್ಪನೆಯ ಉಂಗುರ, ಅದರೊಳಗೆ ಗುಂಡುಗಳು, ಬೆರಳು ಆಡಿಸಿದರೆ ಝಲ್ ಝಲ್ ಅನ್ನುತ್ತಿತ್ತು. ಅಕ್ಕಪಕ್ಕದ ಇಬ್ಬರ ಕೈಯಲ್ಲಿ ಗುಮ್ಮಟೆ ಅನ್ನುವ ಮಣ್ಣಿನ ಚರ್ಮವಾದ್ಯ. ಅವತ್ತು ಕುಮಾರರಾಮನ ಕಥೆ. ಚೆಂಡಾಟ ಆಡುವಾಗ ಚೆಂಡು ಹೋಗಿ ಅವನ ಮೇಲೆ ಮೋಹಗೊಳ್ಳುವ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದಲ್ಲ, ಸರಿಯಾಗಿ ಅಲ್ಲಿಗೆ ಬಂದು ಆಕೆ ನಿಲ್ಲಿಸಿಬಿಟ್ಟಳು. "ತಂದಾನ ತಾನ" ಅಂತ ಪಕ್ಕದವರು ಎತ್ತಿಕೊಂಡರು, ಗುಮ್ಮಟೆ ಜೋರಾಯಿತು, ಆಕೆ ಒಂದು ಸುತ್ತು ಹೆಜ್ಜೆ ಹಾಕಿ ಬಂದಳು. "ಹೋಗಬ್ಯಾಡಪ್ಪಾ, ಒಳಗ ಹೋಗಬ್ಯಾಡ" ಅಂತ ನಮ್ಮ ಪಕ್ಕದ ಮನೆಯ ಮುದುಕಿ ಕೂತಲ್ಲಿಂದಲೇ ಕೂಗಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಆಗ ಅದು ಬರೀ ಆಟ ಅಂತ ಕಂಡಿತ್ತು. ದೊಡ್ಡವಳಾದ ಮೇಲೆ ತಿಳಿಯಿತು, ಆ ಪಲ್ಲವಿ ಹಾಡುವಷ್ಟು ಹೊತ್ತಿನಲ್ಲಿ ಹೇಳುವವಳು ಮುಂದಿನ ಭಾಗವನ್ನು ತಲೆಯಲ್ಲಿ ಜೋಡಿಸಿಕೊಳ್ಳುತ್ತಾಳೆ, ಜನ ತೂಕಡಿಸುತ್ತಿದ್ದಾರಾ, ಹೆಂಗಸರು ಜಾಸ್ತಿ ಇದ್ದಾರಾ, ಬೆಳಗಾಗಲು ಇನ್ನೆಷ್ಟು ಹೊತ್ತಿದೆ ಅಂತೆಲ್ಲ ನೋಡಿಕೊಂಡು ರತ್ನಾಜಿಯ ಅಲಂಕಾರವನ್ನು ನಾಲ್ಕು ನುಡಿಯಲ್ಲಿ ಮುಗಿಸಬೇಕೋ ನಲವತ್ತಕ್ಕೆ ಎಳೆಯಬೇಕೋ ಅಂತ ಅಲ್ಲೇ ತೀರ್ಮಾನ ಮಾಡುತ್ತಾಳೆ. ನಾವು ಮಗ್ಗಿ ಉರು ಹೊಡೆದ ಹಾಗಲ್ಲ ಅದು. ಪ್ರತಿ ರಾತ್ರಿ ಹೊಸದಾಗಿ ಕಟ್ಟುವುದು. "ಅದ್ಭುತ ನೆನಪಿನ ಶಕ್ತಿ" ಅಂತ ನೀನು ಬರೆದಿರುವುದು ಅದಕ್ಕೇ ನನಗೆ ಸಾಲದು ಅನ್ನಿಸಿತು. ಅದು ಶಕ್ತಿ ಮಾತ್ರ ಅಲ್ಲ, ವಿದ್ಯೆ. ಚಿಕ್ಕ ವಯಸ್ಸಿನಿಂದ ದುಡಿದು ಕಲಿತ ವಿದ್ಯೆ.

ಇನ್ನೊಂದು ವಿಷಯ ಸೇರಿಸು. ದೆಹಲಿಯ ಸೈನ್ಯ ಬಂದು ಕಂಪಿಲಿ ರಾಜ್ಯ ಮುಗಿದದ್ದು 1327ರ ಸುಮಾರಿಗೆ. ಆ ಕಂಪಿಲಿ ಬೇರೆಲ್ಲೋ ಇಲ್ಲ, ಇದೇ ನಮ್ಮ ಕಂಪ್ಲಿ, ದರೋಜಿಯಿಂದ ಹತ್ತಿರ. ಆ ರಾಜ್ಯದ ರಾಜಕುಮಾರ ಕುಮಾರರಾಮನನ್ನು ನಮ್ಮ ಜನ ಸುಮಾರು 700 ವರ್ಷ ಮರೆಯದೆ ಇದ್ದಾರೆ ಅಂದರೆ, ಅದರಲ್ಲಿ ಜೋಳ ಕಾಳು ಇಸಿದುಕೊಂಡು ಊರೂರು ಹಾಡಿದ ಇಂಥವರ ಪಾಲು ದೊಡ್ಡದು. ಕಥೆ ಕೇಳಿ ಅತ್ತ ಊರೇ ಮಾರನೇ ದಿನ ಅವರ ಗುಡಿಸಲನ್ನು ಊರ ಹೊರಗೇ ಇಟ್ಟಿತು. ಮೊರದಲ್ಲಿ ಜೋಳ ಹಾಕುವಾಗ ದೂರದಿಂದ ಹಾಕುತ್ತಿದ್ದುದನ್ನು ನಾನೇ ನೋಡಿದ್ದೇನೆ. ಇದನ್ನು ಬರೆಯಲು ಹಿಂಜರಿಯಬೇಡ.

ಪ್ರಶಸ್ತಿಗಳ ಪಟ್ಟಿಗೆ ಒಂದು ಪುಟ ಕೊಟ್ಟಿದ್ದೀಯ, ಅಷ್ಟು ಬೇಡ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಾಗ ಅವರಿಗೆ 70 ಹತ್ತಿರ, ಇಷ್ಟು ಹೇಳಿದರೆ ಓದುವವರಿಗೆ ಅರ್ಥವಾಗುತ್ತದೆ. ನಾಡೋಜ ಮಾತ್ರ ಬಿಡಬೇಡ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ಗೌರವ ಡಾಕ್ಟರೇಟ್ ಅದು. ಅದೇ ವಿಶ್ವವಿದ್ಯಾಲಯ ಅವರು ಹಾಡಿದ ಕಾವ್ಯಗಳನ್ನು ಬರೆಸಿ ಪುಸ್ತಕ ಮಾಡಿತು. ದೊಡ್ಡ ಕೆಲಸ, ಇಲ್ಲದಿದ್ದರೆ ಇವತ್ತು ನಿನ್ನ ಕೈಗೆ ಏನೂ ಸಿಗುತ್ತಿರಲಿಲ್ಲ. ಆದರೂ ಪುಸ್ತಕದಲ್ಲಿ ಗುಮ್ಮಟೆ ಇಲ್ಲ, ಆ ಉಂಗುರದ ಸದ್ದಿಲ್ಲ, "ಒಳಗ ಹೋಗಬ್ಯಾಡ" ಅಂತ ಕೂಗಿದ ಮುದುಕಿ ಇಲ್ಲ. 2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡರು. ಹತ್ತಿರ ಹತ್ತಿರ 85 ವರ್ಷದ ಆ ಗಂಟಲಿನ ಜೊತೆ ಎಷ್ಟು ಹೋಯಿತೋ, ಅದನ್ನು ಯೋಚಿಸಿದರೆ ನನಗೆ ತಡೆಯಲು ಆಗುವುದಿಲ್ಲ ಪುಟ್ಟಿ.

ಹಾಗಾಗಿ ಮೊದಲ ಸಾಲನ್ನು "ಹನ್ನೆರಡು ಕಾವ್ಯ ಬಲ್ಲ ಈರಮ್ಮ" ಅಂತ ಶುರು ಮಾಡು. ಶಾಲೆಗೆ ಹೋಗಲಿಲ್ಲ ಅನ್ನುವುದನ್ನು ಬೇಕಾದರೆ ಕೆಳಗೆಲ್ಲೋ ಹೇಳು, ಯಾಕೆ ಹೋಗಲಾಗಲಿಲ್ಲ ಅನ್ನುವುದರ ಜೊತೆಗೆ. ಮತ್ತೆ ಎರಡು ಕಡೆ "ಧರೋಜಿ" ಅಂತ ಮಹಾಪ್ರಾಣ ಹಾಕಿದ್ದೀಯ, ಅದು ದರೋಜಿ, ಸರಿಮಾಡು.

ಬರೆದು ಮುಗಿಸಿದ ಮೇಲೆ ಪಿಡಿಎಫ್ ಬೇಡ, ನೀನೇ ಜೋರಾಗಿ ಓದಿ ವಾಯ್ಸ್ ಮೆಸೇಜ್ ಕಳಿಸು. ಅಜ್ಜಿಗೆ ಮೊದಲಿನಿಂದ ಕೇಳಿಸಬೇಕು.

ನಿನ್ನ ಅಮ್ಮ