18 ವರ್ಷದ ವಿಸ್ಕಿ ಗ್ಲಾಸ್ ಯಾಕೆ ತೆಗೆದೆವು, ದರ ಯಾಕೆ ಏರಿಸಿದೆವು

ಸ್ನೇಹಿತರೇ,

ಮುಂದಿನ ತಿಂಗಳಿಂದ ನಮ್ಮ ಶನಿವಾರದ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ, ಬರೀ ಮೊಳಕೆ ಬಾರ್ಲಿಯ ವಿಸ್ಕಿ) ಟೇಸ್ಟಿಂಗ್‌ನಲ್ಲಿ ಕೊನೆಯ ಗ್ಲಾಸ್ ಆಗಿದ್ದ 18 ವರ್ಷದ ಸ್ಕಾಚ್ ಇರುವುದಿಲ್ಲ. ಆ ಜಾಗಕ್ಕೆ ವಯಸ್ಸು ಬರೆಯದ ಒಂದು ಇಂಡಿಯನ್ ಮಾಲ್ಟ್ ಬರುತ್ತದೆ. ಗ್ಲಾಸಿಗೆ 30 ಎಂಎಲ್ ಬದಲು 20. ಶುಲ್ಕ 3,000ದಿಂದ 3,400 ರೂಪಾಯಿ. ಕಮ್ಮಿ ಸುರಿದು ಜಾಸ್ತಿ ಕೀಳ್ತಾರೆ ಅಂತ ಗ್ರೂಪಿನಲ್ಲಿ ಬರೆದಿದ್ದನ್ನೆಲ್ಲ ಓದಿದ್ದೇವೆ. ಬೇಜಾರಾಗಿದ್ದರೆ ಕ್ಷಮಿಸಿ. ಆದರೆ ಲೆಕ್ಕ ನೋಡಿ ಆಮೇಲೆ ಬಯ್ಯಿರಿ.

ಅಂಗಡಿ ದರಕ್ಕೆ ಬಾಟಲಿ ತಂದು ಸುರಿಯುವುದು ನಮ್ಮ ಕೈಯಲ್ಲಿಲ್ಲ. ಸೆಷನ್ ನಡೆಯುವುದು ಲೈಸೆನ್ಸ್ ಇರುವ ಬಾರಿನಲ್ಲಿ, ಬಾಟಲಿ ಅವರದ್ದು, ದರವೂ ಅವರದ್ದು. 750 ಎಂಎಲ್ ಬಾಟಲಿಯಲ್ಲಿ 30ರ ಲೆಕ್ಕಕ್ಕೆ 25 ಗ್ಲಾಸ್, ಮುಗಿಯಿತು. ಸುಂಕ ಇಳಿಯಿತಲ್ಲ ಅನ್ನುತ್ತೀರಿ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಇರುವುದು ಸ್ಕಾಚಿನ ಆಮದು ಸುಂಕವನ್ನು 150 ಪರ್ಸೆಂಟಿನಿಂದ 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಮಾತು. ರಾಜ್ಯದ ಅಬಕಾರಿ ಸುಂಕ ಬೇರೆ. ನಮ್ಮ ಬಾರ್ ಬಿಲ್ಲಿನಲ್ಲಂತೂ ಒಂದು ರೂಪಾಯಿ ಇಳಿದಿಲ್ಲ.

ಶುಲ್ಕದಲ್ಲಿ ಗ್ಲಾಸ್ ತೊಳೆಯುವ ಕೂಲಿಯೂ ಸೇರಿದೆ ಅಂದಾಗ, ತೊಳೆಯೋಕೂ ದುಡ್ಡಾ ಅಂತ ನಕ್ಕವರಿದ್ದಾರೆ. ಬಾರಿನ ಸೋಪಿನ ನಿಂಬೆ ವಾಸನೆ ಗ್ಲಾಸಿನ ಅಂಚಿಗೆ ಅಂಟಿದರೆ ಮೂಗಿಗೆ ಮೊದಲು ಸಿಗುವುದು ಅದೇ, ಎಂಥ ವಿಸ್ಕಿ ಇದ್ದರೂ ಅಷ್ಟೇ. ಹಾಗಾಗಿ ಒಬ್ಬ ಹುಡುಗ ಕೂತು ಒಂದೊಂದನ್ನೂ ಬರೀ ಬಿಸಿನೀರಲ್ಲಿ ತೊಳೆದು, ಬೋರಲು ಹಾಕದೆ, ಬಟ್ಟೆಯಲ್ಲಿ ಒರೆಸಿ ಇಡುತ್ತಾನೆ. ಅವನಿಗೆ ಕೂಲಿ ಕೊಡಬೇಕಲ್ವಾ?

ಇನ್ನು ಎಲ್ಲರೂ ಕೇಳಿದ ಪ್ರಶ್ನೆ: ವಯಸ್ಸೇ ಇಲ್ಲದ ಇಂಡಿಯನ್ ವಿಸ್ಕಿಗೆ ಇಷ್ಟೊಂದು ದುಡ್ಡಾ?

ಲೇಬಲ್ಲಿನ 18 ಅಂದರೆ ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ವಿಸ್ಕಿ ಮಾಗುವ ಮರದ ಪೀಪಾಯಿ ಎಂಥದ್ದು, ಯಾವ ಊರ ಹವೆಯಲ್ಲಿ ಕೂತಿತ್ತು ಅಂತ ಆ ಸಂಖ್ಯೆ ಹೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯೊಳಗಿನ ವಿಸ್ಕಿ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತದೆ, ಬೆಂಗಳೂರಿನಲ್ಲಿ 10ರಿಂದ 12. ಅಲ್ಲಿ 200 ಲೀಟರ್ ಪೀಪಾಯಿ 18 ವರ್ಷ ಕಳೆದರೂ 140 ಲೀಟರ್ ಹತ್ತಿರ ಉಳಿಯುತ್ತದೆ. ಇಲ್ಲಿ ಎಂಟೇ ವರ್ಷಕ್ಕೆ 80ರ ಆಸುಪಾಸಿಗೆ ಬರುತ್ತದೆ, ಆ ಹೋದದ್ದರ ದುಡ್ಡನ್ನೂ ಉಳಿದ ಬಾಟಲಿಗಳ ಮೇಲೇ ಹಾಕಬೇಕು. ಜೊತೆಗೆ ನಮ್ಮ ಸೆಖೆಗೆ ಮರದ ಸಾರ ಬೇಗ ಇಳಿಯುತ್ತದೆ. ಜಾಸ್ತಿ ಬಿಟ್ಟರೆ ಹೆಚ್ಚು ಕುದ್ದ ಟೀಪುಡಿಯ ಹಾಗೆ ಬರೀ ಒಗರು. ಮೈಸೂರು ರಸ್ತೆ ಕಂಬೀಪುರದಲ್ಲಿ ಡಿಸ್ಟಿಲರಿ ಇರುವ ಅಮೃತ್‌ನವರ ಫ್ಯೂಷನ್ ಎಂಬ ಸಿಂಗಲ್ ಮಾಲ್ಟ್ ಮೇಲೆ ವಯಸ್ಸು ಬರೆದಿಲ್ಲ. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಗೈಡ್‌ನಲ್ಲಿ ಅದಕ್ಕೆ ನೂರಕ್ಕೆ 97 ಕೊಟ್ಟು ಜಗತ್ತಿನಲ್ಲೇ ಮೂರನೆಯದು ಅಂದರು.

ಬಣ್ಣ ನೋಡಿ ವಯಸ್ಸು ಅಳೆಯುವವರಿಗೆ ಒಂದು ಮಾತು: ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ. ಬಾಯಿ ಸ್ವಲ್ಪ ತೆರೆದು ಮೂಸಿ. ನಾಲ್ಕು ಹನಿ ನೀರು ಬಿಟ್ಟು, ಸುಮ್ನೆ ಐದು ನಿಮಿಷ ಕಾದು, ಮತ್ತೆ ಮೂಸಿ. ಮೊದಲು ಬರೀ ಸ್ಪಿರಿಟ್ ಹೊಡೆದ ಕಡೆ ಒಣದ್ರಾಕ್ಷಿಯೋ ಬೆಲ್ಲವೋ ಬಂತಾ? ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು? ಗುಟುಕು ಇಳಿದ ಕೂಡಲೇ ಮಾಯವಾದರೆ ನೀವು ದುಡ್ಡು ಕೊಟ್ಟಿದ್ದು ಸಂಖ್ಯೆಗೆ. ಬಾಟಲಿಗೆ ಬಟ್ಟೆ ಸುತ್ತಿ ಕೊಟ್ಟಾಗ ವಯಸ್ಸಿಲ್ಲದ್ದಕ್ಕೆ ಕೈ ಎತ್ತಿ, ಬಟ್ಟೆ ತೆಗೆದ ಮೇಲೆ ಕೈ ಇಳಿಸಿದವರು ಯಾರ್‍ಯಾರು ಅಂತ ನಮಗೆ ಗೊತ್ತು, ಹೆಸರು ಹೇಳಲ್ಲ ಬಿಡಿ.

ಹಳೇ ಸ್ಕಾಚ್ ಕೆಟ್ಟದ್ದು ಅಂತಲ್ಲ. ಶೆರ್ರಿ ವೈನಿನ ಒಳ್ಳೆಯ ಪೀಪಾಯಿಯಲ್ಲಿ ಮಾಗಿದ 18ರಲ್ಲಿರುವ ನಯ ಎಳೆಯದರಲ್ಲಿ ಸಿಗುವುದು ಕಷ್ಟ. ಆದರೆ ಮೂರು ಗ್ಲಾಸ್ 30 ಎಂಎಲ್ ಕುಡಿದು ಜೋಮು ಹಿಡಿದ ನಾಲಿಗೆಗೆ ಅದನ್ನು ಕೊಡುವುದು ದಂಡ. 20 ಎಂಎಲ್ ಸಾಕು: ನೀರಿಗೆ ಮುಂಚೆ ಎರಡು ಗುಟುಕು, ಆಮೇಲೆ ಎರಡು.

ಮುಂಗಡ ಕಟ್ಟಿದವರಿಗೆ ಹಳೇ ದರವೇ. 18 ಬೇಕೇ ಬೇಕು ಅನ್ನುವವರು ಹೆಸರು ಕೊಡಿ. ಹತ್ತು ಜನ ಸೇರಿದರೆ ಒಂದು ಬಾಟಲಿ ತೆಗೆಸಿ ಬಾರಿನ ದರಕ್ಕೇ ಹಂಚೋಣ, ಬಿಲ್ ನಿಮ್ಮ ಟೇಬಲ್ ಮೇಲೇ ಇಡುತ್ತೇವೆ.

ಇಂತಿ,
ನಿಮ್ಮ ಶನಿವಾರದ ಟೇಸ್ಟಿಂಗ್‌ನವರು
ಬೆಂಗಳೂರು