ಅಮ್ಮನ ಮೊದಲ ‘ಹೂಂ’

ಹೋದ ಭಾನುವಾರ ಅಮ್ಮ ಊರಿಗೆ ಹೊರಟರು. ಗಾಲಿಕುರ್ಚಿ ಬೇಡವೇ ಬೇಡ ಅಂತ ಹಟ ಹಿಡಿದು, ಕೋಲೂರಿಕೊಂಡು ವಿಮಾನ ನಿಲ್ದಾಣದೊಳಗೆ ತಾವೇ ನಡೆದರು. ಈಗ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದಾರಂತೆ. ಹದಿನಾಲ್ಕು ತಿಂಗಳ ಹಿಂದೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ನಮ್ಮ ಮನೆಯಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದಾಗ, ಇಂಥ ದಿನ ಬಂದೀತೆಂದು ನಾನು ನಂಬಿರಲಿಲ್ಲ.

ಮಗಳನ್ನು ಶಾಲೆಯಿಂದ ಕರೆತಂದ ಪಕ್ಕದ ಮನೆಯವರಿಗೆ, ವಾರಗಟ್ಟಲೆ ಸಾರು-ಪಲ್ಯ ಕಳಿಸಿದ ಗೆಳತಿಯರಿಗೆ, ಫಿಸಿಯೋಥೆರಪಿಯ ಹುಡುಗನಿಗೆ, ಪಾಳಿ ಬದಲಿಸಿಕೊಂಡು ರಾತ್ರಿಯೆಲ್ಲ ಎಚ್ಚರವಿದ್ದ ನನ್ನ ಗಂಡನಿಗೆ ನಾನು ಋಣಿ. ಆದರೆ ಈ ಬರಹ ಮುಖ್ಯವಾಗಿ ಇನ್ನೊಬ್ಬರಿಗೆ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ದಿನವೂ ಬೆಳಿಗ್ಗೆ ಎಂಟಕ್ಕೆ ಫ್ಲ್ಯಾಟ್‌ಬುಷ್ ಬಡಾವಣೆಯಿಂದ ಬಸ್ಸು ಹತ್ತಿ ಬಂದು ಅಮ್ಮನನ್ನು ನೋಡಿಕೊಂಡ ಹೈಟಿ ದೇಶದ ಹೆಣ್ಣುಮಗಳು. ಹೆಸರು ಬರೆಯಲೇ ಅಂತ ಕೇಳಿದ್ದಕ್ಕೆ ಬೇಡ ಅಂದರು. ಅವರ ತಂಗಿ ಇನ್ನೂ ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿದ್ದಾಳೆ. "ಬಾಯಿ ಕಾಯ್ದುಕೊಂಡು ಉಳಿದ ಮನೆತನ ನಮ್ಮದು" ಅಂದರು.

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. 1937ರ ಅಕ್ಟೋಬರಿನಲ್ಲಿ, ಗಡಿಯಾಚೆಯ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿ ತ್ರುಹಿಯೊನ ಸೈನಿಕರು ಹೈಟಿಯವರನ್ನು ಹುಡುಕಿ ಹುಡುಕಿ ಕೊಂದರು. ಸತ್ತವರು ಸಾವಿರಾರು ಮಂದಿ. ಕೊತ್ತಂಬರಿಯ ಹಾಗಿರುವ ಪಾರ್ಸ್ಲಿ ಸೊಪ್ಪಿನ ಕಡ್ಡಿ ತೋರಿಸಿ ಇದೇನು ಅಂತ ಕೇಳುತ್ತಿದ್ದರಂತೆ. ‘ಪೆರೆಹಿಲ್’ ಅನ್ನುವಾಗ ನಡುವಿನ ರಕಾರ ಸ್ಪ್ಯಾನಿಷ್ ಮಾತಿನವರ ಹಾಗೆ ಹೊರಳದಿದ್ದರೆ ಮಚ್ಚು ಬೀಳುತ್ತಿತ್ತು. ಅಕ್ಕನ ಅಜ್ಜಿ ಆಗ ಇಪ್ಪತ್ತೆರಡರ ಹುಡುಗಿ, ಕಬ್ಬಿನ ಸೀಮೆಯ ಕೂಲಿ. ಕಂಕುಳಲ್ಲಿ ಮೂರು ವರ್ಷದ ಮಗಳು. ಇಡೀ ರಾತ್ರಿ ಮಗುವಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಗಡಿಯ ಹೊಳೆ ದಾಟಿ ಹೈಟಿಯ ವಾನಾಮಿಂತ್ ಊರು ಸೇರಿದರು. ಹೊಳೆಯ ಹೆಸರೇ ‘ಮಸಾಕ್ರ್’, ಅಂದರೆ ಕಗ್ಗೊಲೆ. ಈ ಹೆಸರು 1937ಕ್ಕಿಂತಲೂ ಬಹಳ ಹಳೆಯದು ಎಂಬುದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ಈಚೆ ದಡ ಸೇರಿದ ಮಗು ವಾರಗಟ್ಟಲೆ ಮಾತಾಡಲಿಲ್ಲ. ಅಜ್ಜಿ ಬೈಯಲಿಲ್ಲ, ಹರಕೆಯನ್ನೂ ಹೊರಲಿಲ್ಲ. ದಿನವೂ ಕತ್ತಲಾದ ಮೇಲೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು "ಕ್ರಿಕ್?" ಅಂದರು. ಹೈಟಿಯಲ್ಲಿ ಕಥೆ ಶುರುವಾಗುವುದೇ ಹಾಗೆ. ಕೇಳುವವರು "ಕ್ರಾಕ್!" ಅಂದರೆ ಮಾತ್ರ ಕಥೆ ಮುಂದೆ ಹೋಗುತ್ತದೆ. ನಮ್ಮಲ್ಲಿ ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದರಲ್ಲ, ಹಾಗೇ. ಒಂದು ರಾತ್ರಿ ಮಗು ಕ್ರಾಕ್ ಅಂದಿತು.

ಆ ಮಗುವೇ ಅಕ್ಕನ ತಾಯಿ. ದೊಡ್ಡವಳಾಗಿ ‘ಮದಾಂ ಸಾರಾ’ ಆದಳು. ಹಳ್ಳಿಯ ಬೆಳೆ ಕೊಂಡು ಪಟ್ಟಣದ ಸಂತೆಗೆ ಸಾಗಿಸುವ ಹೆಂಗಸರಿಗೆ, ಸದಾ ಗದ್ದಲ ಮಾಡುವ ಒಂದು ಹಕ್ಕಿಯ ಹೆಸರಿಟ್ಟು ಅಲ್ಲಿ ಹಾಗೆ ಕರೆಯುತ್ತಾರೆ. ಸರ್ವಾಧಿಕಾರಿಗಳಾದ ಡುವಾಲಿಯೆ ಅಪ್ಪ-ಮಗ 1957ರಿಂದ 1986ರವರೆಗೆ ಹೈಟಿಯನ್ನು ಆಳಿದ ಕಾಲ ಅದು. ಒಂದು ರಾತ್ರಿ ಅವಳ ತಮ್ಮನನ್ನು ಡುವಾಲಿಯೆಗಳ ತೊಂತೊಂ ಮಕೂತ್ ಪಡೆಯವರು ಎಳೆದೊಯ್ದರು. ಅವನು ತಿರುಗಿ ಬರಲಿಲ್ಲ. ಮರುದಿನ ಸಂತೆಯಲ್ಲಿ ಯಾರೂ ಒಂದು ಮಾತೂ ಕೇಳಲಿಲ್ಲ. ಒಬ್ಬೊಬ್ಬಳೂ ಬಂದು ಅವಳ ಬುಟ್ಟಿಗೆ ಒಂದೊಂದು ಹಿಡಿ ಕಾಳು ಹಾಕಿ ಹೋದಳು. ಬುಟ್ಟಿ ತುಂಬಿತು. ಅಕ್ಕ ಇದನ್ನು ಹೇಳುವಾಗಲೆಲ್ಲ ಅಂಗೈ ಮುಚ್ಚಿ ತೆರೆದು ತೋರಿಸುತ್ತಿದ್ದರು. ಮಗ ಡುವಾಲಿಯೆ ದೇಶ ಬಿಟ್ಟು ಓಡಿ ಎರಡು ತಿಂಗಳಿಗೆ, 1986ರ ಏಪ್ರಿಲ್ 3ರಂದು, ಪೋರ್ಟ್-ಒ-ಪ್ರಿನ್ಸ್‌ನ ಬೀದಿಯಲ್ಲಿ ಸಾವಿರಾರು ಹೆಂಗಸರು ಹಕ್ಕು ಕೇಳಿ ನಡೆದಾಗ ತಾಯಿ-ಮಗಳು ಕೈ ಹಿಡಿದುಕೊಂಡು ಅವರೊಳಗಿದ್ದರು. ತಮ್ಮ ತಾಯಿ ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿದ್ದು ಅದೇ ಮೊದಲು ಅಂತಾರೆ ಅಕ್ಕ.

ಈ ಕಥೆಗಳನ್ನೆಲ್ಲ ಅವರು ಹೇಳಿದ್ದು ನನಗಲ್ಲ, ಅಮ್ಮನಿಗೆ. ಅರ್ಧ ಹೈಟಿಯ ಮಾತಾದ ಕ್ರಿಯೋಲ್, ಅರ್ಧ ಇಂಗ್ಲಿಷ್. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತ ಕನ್ನಡಕ್ಕೆ ತರುತ್ತಿದ್ದೆ. ಸತ್ತ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅವರು "ಕ್ರಿಕ್?" ಅನ್ನುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು, ಬಾರದಿದ್ದರೆ ತಾವೇ ಮುಂದುವರಿಸುತ್ತಿದ್ದರು. ನನಗಾದರೆ ಅಷ್ಟು ತಾಳ್ಮೆ ಇರುತ್ತಿರಲಿಲ್ಲ. ನಾಲ್ಕನೇ ತಿಂಗಳಿನ ಒಂದು ಮಧ್ಯಾಹ್ನ ಹೊಳೆಯ ಕಥೆ ಮತ್ತೆ ಶುರುವಾಯಿತು. "ಕ್ರಿಕ್?"

"ಹೂಂ" ಅಂದರು ಅಮ್ಮ.

ನನ್ನ ಕೈಯಲ್ಲಿದ್ದ ದುಪ್ಪಟಿ ಜಾರಿ ಬಿತ್ತು. ಅಕ್ಕ ಮಾತ್ರ ಕಥೆ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಅಜ್ಜಿಯನ್ನು ಹೊಳೆ ದಾಟಿಸಿಯೇ ಉಸಿರು ಬಿಟ್ಟರು.

ಜನವರಿ 1 ಹೈಟಿಯ ಸ್ವಾತಂತ್ರ್ಯದ ದಿನ. ಗುಲಾಮರಾಗಿದ್ದವರು ಫ್ರಾನ್ಸನ್ನು ಸೋಲಿಸಿ 1804ರಲ್ಲಿ ಸ್ವತಂತ್ರಗೊಳಿಸಿದ ನಾಡು. ಒಡೆಯರಿಗೆ ಬೇಯಿಸಿಕೊಟ್ಟರೂ ತಾವು ಬಾಯಿಗಿಡುವಂತಿರದ ಸಿಹಿಗುಂಬಳದ ‘ಸೂಪ್ ಜುಮು’ವನ್ನು ಅಂದು ಮನೆಮನೆಯಲ್ಲೂ ಮಾಡುತ್ತಾರೆ. ಅಕ್ಕ ಅಮ್ಮನಿಗಾಗಿ ಮಾಂಸ ಹಾಕದೆ ಬೇರೆಯೇ ಪಾತ್ರೆಯಲ್ಲಿ ಮಾಡಿ ತಂದಿದ್ದರು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಎರಡು ಬಟ್ಟಲು ಕುಡಿದರು.

ಹೊರಡುವ ದಿನ ಅಮ್ಮ ಅವರನ್ನು ಕೂರಿಸಿ ಉಡಿ ತುಂಬಿದರು. ಕುಂಕುಮ ಎಡಗೈಯಲ್ಲಿ ಇಡಬಾರದು ಅಂತ ಬಲಗೈಯನ್ನೇ ಎತ್ತಿದರು. ಕೈ ನಡುಗಿ ಎರಡು ಸಲ ಕೆಳಗೆ ಬಿತ್ತು. ಅಕ್ಕ ಅಲ್ಲಾಡದೆ ಕೂತು, ನಡೆಯಲು ಕಲಿಸುವಾಗ ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದರು: "ಪಿತಿ ಪಿತಿ, ಅಮ್ಮಾ." ಮೆಲ್ಲ ಮೆಲ್ಲಗೆ. ಮೂರನೇ ಸಲ ಹಣೆಗೆ ತಾಗಿತು, ನಡುವಿನಿಂದ ಒಂದಿಷ್ಟು ಓರೆಯಾಗಿ. ಸರಿಮಾಡಲು ನಾನು ಕೈ ಚಾಚಿದರೆ ಅಕ್ಕ ತಡೆದರು. ಹಾಗೆಯೇ ಬಸ್ಸು ಹತ್ತಿ ಮನೆಗೆ ಹೋದರು.