ಫಲಕ ಹಾಕಿಸುವುದಕ್ಕಲ್ಲ, ಥೆರಪಿಸ್ಟ್ ಸಂಬಳಕ್ಕೆ ದುಡ್ಡು ಬೇಕು

ಎಲ್ಲರಿಗೂ ನಮಸ್ಕಾರ.

ನೀವು ಓದಿದ ಕ್ಲಾಸಲ್ಲೂ ಇಂಥ ಒಬ್ಬ ಇದ್ದಿರಬಹುದು. ಬಾಯಲ್ಲಿ ಕೇಳಿದರೆ ಉತ್ತರ ಸರಿ, ಬರೆಯಲು ಕೂತರೆ ಅರ್ಧ ಪುಟಕ್ಕೇ ಕೈ ಸೋಲುತ್ತದೆ. ಅಂಗಿ ಗುಂಡಿ ಹಾಕಿಕೊಳ್ಳಲು ಅಮ್ಮನೇ ಬೇಕು. ಕುಂಟೆಬಿಲ್ಲೆಯಲ್ಲಿ ಮೊದಲ ಮನೆಗೇ ಔಟು, ಲಗೋರಿಗೆ ಯಾರೂ ಸೇರಿಸಿಕೊಳ್ಳುವುದಿಲ್ಲ, ಮಳೆಗಾಲದಲ್ಲಿ ಹಳ್ಳದ ಸಂಕ ದಾಟಲು ಹೆದರಿ ಶಾಲೆಗೇ ಚಕ್ಕರ್. ಎಲ್ಲರೂ ಸೋಮಾರಿ ಅಂತಾರೆ.

ಸೋಮಾರಿತನ ಅಲ್ಲ ಇದು. ಡಾಕ್ಟರುಗಳು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಅನ್ನುತ್ತಾರೆ, ಡಿಸ್‌ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. ಬುದ್ಧಿ ಕಡಿಮೆ ಅಂತಲ್ಲ. ಕೈಕಾಲು ಯಾವಾಗ, ಎಷ್ಟು, ಹೇಗೆ ಆಡಬೇಕು ಅನ್ನುವುದನ್ನು ಮೆದುಳು ಹೊಂದಿಸಿಕೊಳ್ಳುವಲ್ಲಿ ತೊಡಕು. 100 ಶಾಲಾ ಮಕ್ಕಳಲ್ಲಿ 5-6 ಮಕ್ಕಳಿಗೆ ಇರುತ್ತದೆ ಅನ್ನುವುದು ಸಾಮಾನ್ಯ ಅಂದಾಜು, ಗಂಡುಹುಡುಗರಲ್ಲಿ ಜಾಸ್ತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಡಿಸ್‌ಪ್ರಾಕ್ಸಿಯಾ ಹೆಸರೂ ಇದೆ. ಕಾಯ್ದೆಯೇನೋ ಬಂತು, ಇಂಥ ಮಕ್ಕಳಿಗೆ ಅಭ್ಯಾಸ ಹೇಳಿಕೊಡುವ ಥೆರಪಿಸ್ಟ್ ನಮ್ಮ ಹೋಬಳಿಗೆ ಬರಲಿಲ್ಲ.

ಇದಕ್ಕೆ ಮಾತ್ರೆ ಇಲ್ಲ. ಅಭ್ಯಾಸ ಇದೆ. ಮಗು ಯಾವ ಕೆಲಸ ಕಲಿಯಬೇಕೋ ಅದನ್ನೇ ಚೂರು ಚೂರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಮಾಡಿಸಬೇಕು. ಸೈಕಲ್ಲನ್ನೇ ತಗೊಳ್ಳಿ. ಮೊದಲು ಪೆಡಲ್ ಬಿಚ್ಚಿಡುವುದು, ಸೀಟು ಇಳಿಸುವುದು. ಮಗು ಎರಡೂ ಕಾಲಲ್ಲಿ ನೆಲ ತಳ್ಳಿಕೊಂಡು ಹೋಗಲಿ. ಆಯ ಸಿಕ್ಕಿತು ಅಂದ ಮೇಲೆ ಇಳಿಜಾರಿನಲ್ಲಿ ಕಾಲೆತ್ತಿ ಬಿಡಲಿ, ಪೆಡಲ್ ಆಮೇಲೆ. ಬೆರಳಿಗೆ ಚೆನ್ನೆಮಣೆಗಿಂತ ಒಳ್ಳೆಯ ಸಾಮಾನು ನಮಗಂತೂ ಕಂಡಿಲ್ಲ, ಒಂದೊಂದೇ ಬೀಜ ಮನೆಗೆ ಬಿಡುತ್ತಾ ಹೋಗಬೇಕಲ್ಲ! ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದರೆ ಇಳಿಸಿ ಕೊಡಿ.

ಆದರೆ ಯಾವ ಮಗುವಿಗೆ ಯಾವುದು, ಎಲ್ಲಿಂದ ಶುರು ಅಂತ ನೋಡಿ ಹೇಳುವವರು ಬೇಕು. ಅದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಮಗು ಕರೆದುಕೊಂಡು ಹೋಗಿ ಬರುವುದೆಂದರೆ ಅಮ್ಮನ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಶಕ್ತಿ ಯೋಜನೆ ಇದೆಯಲ್ವಾ ಅನ್ನಬೇಡಿ, ಅದು ಸರ್ಕಾರಿ ಬಸ್ಸಿಗೆ, ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಥೆರಪಿಸ್ಟನ್ನೇ ಪ್ರತಿ ಶನಿವಾರ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಟ್ರಸ್ಟಿನ ಶಾಲೆಗೆ ಕರೆಸಬೇಕು, ಅವರು ಮಕ್ಕಳ ಜೊತೆ ಅಪ್ಪ-ಅಮ್ಮ, ಅಂಗನವಾಡಿ ಟೀಚರ್, ಪಿಟಿ ಮೇಷ್ಟ್ರಿಗೂ ಕಲಿಸಿ ಹೋಗಬೇಕು, ಉಳಿದ ದಿನ ಅಭ್ಯಾಸ ಮನೆಯಲ್ಲೇ ನಡೆಯಬೇಕು ಅನ್ನುವುದು ಯೋಜನೆ.

ದುಡ್ಡು ಬೇಕಿರುವುದು ಅವರ ಸಂಬಳಕ್ಕೆ, ಓಡಾಟದ ಖರ್ಚಿಗೆ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ದಾನಿಗಳಿಗೆ ಜೋಕಾಲಿ, ಮ್ಯಾಟು ಕೊಡಿಸಿ ಹೆಸರು ಬರೆಸುವುದು ಇಷ್ಟ. ತಪ್ಪಲ್ಲ. ಆದರೆ ಆಡಿಸುವವರೇ ಇಲ್ಲದ ಜೋಕಾಲಿಗೆ ತುಕ್ಕು ಹಿಡಿಯುತ್ತದೆ ಅಷ್ಟೇ.

ತೊಂದರೆ ಪೂರ್ತಿ ಹೋಗುತ್ತದೆ ಅಂತ ನಾವು ಹೇಳುವುದಿಲ್ಲ. ಎಷ್ಟೋ ಮಕ್ಕಳಿಗೆ ದೊಡ್ಡವರಾದ ಮೇಲೂ ಸ್ವಲ್ಪ ಉಳಿಯುತ್ತದೆ. ಗುಂಡಿ ತಾನೇ ಹಾಕಿಕೊಳ್ಳುವಂತಾದರೆ, ಪರೀಕ್ಷೆ ಬರೆದು ಮುಗಿಸುವಂತಾದರೆ ಸಾಕು.

500 ರೂಪಾಯಿ ಆದರೂ ಸರಿ. ತಿಂಗಳು ತಿಂಗಳು ಬಂದರೆ ಇನ್ನೂ ಒಳ್ಳೆಯದು, ಸಂಬಳ ತಿಂಗಳಿಗೊಮ್ಮೆ ಕೊಡಬೇಕಲ್ಲ. ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ ಕೊಡುತ್ತೇವೆ ಅನ್ನುವವರು ಈಗಲೇ ಒಂದು ಮಾತು ಹೇಳಿಡಿ. ತೆರಿಗೆ ವಿನಾಯಿತಿ ಬೇಕಾದವರು 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಡಬೇಡಿ, ಚೆಕ್ ಅಥವಾ ಯುಪಿಐ ಮಾಡಿ. ಮಕ್ಕಳ ಫೋಟೋ ಎಲ್ಲೂ ಹಾಕುವುದಿಲ್ಲ. ಖರ್ಚಿನ ಲೆಕ್ಕ ಪ್ರತಿ ತಿಂಗಳು ಶಾಲೆಯ ಬೋರ್ಡಿನಲ್ಲಿ ಹಾಕುತ್ತೇವೆ, ಬಂದು ನೋಡಿ. ಮಕ್ಕಳ ಹಳೇ ಸೈಕಲ್ ಇದ್ದರೆ ಅದನ್ನೂ ತನ್ನಿ, ಪಂಕ್ಚರ್ ಆಗಿದ್ದರೂ ನಡೆಯುತ್ತದೆ.